ಪೀಣ್ಯದ ಜಾಲಂಧ್ರ

ಕಲಾ ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ ಕೆಲಸ ಸಿಕ್ಕಿದ್ದು ಪೀಣ್ಯದಲ್ಲಿ. ಇದನ್ನು ಹೇಳಿದಾಗಲೆಲ್ಲ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಅಲ್ಲೇನು ಮ್ಯೂಸಿಯಂ ಇದೆಯೇ ಎಂದು ವಿಚಾರಿಸುತ್ತಾರೆ. ಮ್ಯೂಸಿಯಂ ಇಲ್ಲ. ಇರುವುದೆಲ್ಲ ಲೇತ್ ನಡೆಸುವವರು, ಸ್ಪ್ರಿಂಗ್ ಮಾಡುವವರು, ಆ ಸ್ಪ್ರಿಂಗುಗಳನ್ನು ತುಂಬಿ ಕಳಿಸುವ ರಟ್ಟಿನ ಡಬ್ಬಿ ಮಾಡುವವರು. ಅವರ ನಡುವೆ ಒಂದು ಅಡ್ಡರಸ್ತೆಯಲ್ಲಿ, ದೇವರ ಮನೆ ಬಾಗಿಲಿಗೂ ಹೋಟೆಲಿನ ಗೋಡೆಗೂ ಜಾಲಿ ಕೊರೆದು ಕೊಡುವ ಒಂದು ಶೆಡ್ ಇದೆ. ಹಲಗೆಯಲ್ಲೋ ತಗಡಿನಲ್ಲೋ ಬಳ್ಳಿ, ಹೂವು, ನಕ್ಷತ್ರಗಳ ಆಕಾರ ಉಳಿಯುವಂತೆ ಕಂಪ್ಯೂಟರಿನಿಂದ ನಡೆಯುವ ಯಂತ್ರ ತೂತು ಕೊರೆಯುತ್ತದೆ. ಏನು ಕೊರೆಯಬೇಕೆಂದು ಅದಕ್ಕೆ ಚಿತ್ರ ಬರೆದು ಕೊಡುವುದು ನನ್ನ ಕೆಲಸ.

ನಾನು ಹುಟ್ಟಿ ಬೆಳೆದದ್ದು ಪಕ್ಕದ ಟಿ. ದಾಸರಹಳ್ಳಿಯಲ್ಲಿ. ಮೈಸೂರಿನಲ್ಲಿ ಓದು ಮುಗಿಸಿ ಬಂದು, ನಾಲ್ಕಾರು ಕಾಲೇಜುಗಳಿಗೆ ಅರ್ಜಿ ಹಾಕಿ ಮನೆಯಲ್ಲಿ ಕೂತಿದ್ದಾಗ, ಅಪ್ಪ ಒಂದು ದಿನ ಟೀ ಅಂಗಡಿಯಿಂದ ಸುದ್ದಿ ತಂದರು. "ಯಾರೋ ಜಾಲಿ ಕಟಿಂಗ್ ಮಾಡೋರಂತೆ. ಡಿಸೈನ್ ಬರೆಯೋರು ಬೇಕಂತೆ. ನೀನು ಬರೀ ಓದಿದ್ದಷ್ಟೇ ಅಲ್ವಲ್ಲ, ಚಿತ್ರ ಬರೀತೀಯ ಕೂಡ. ಹೋಗಿ ನೋಡು."

ಹೋದೆ. ಮಾಲೀಕರಿಗೆ ಐವತ್ತು ದಾಟಿರಬೇಕು. ಹುಡುಗರಾಗಿದ್ದಾಗ ಯಾರದೋ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು ಕೆಲಸ ಕಲಿತವರು, ಈಗ ಸ್ವಂತ ಶೆಡ್ಡಿನ ಒಡೆಯರು. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಚಿಕ್ಕ ಉಕ್ಕಿನ ಸ್ಕೇಲು ಇಟ್ಟುಕೊಂಡಿರುತ್ತಿದ್ದರು. ನನ್ನ ಅಂಕಪಟ್ಟಿ ತಿರುಗಿಸಿ ನೋಡಿ ಕೇಳಿದರು:

"ಕಲಾ ಇತಿಹಾಸ ಅಂದ್ರೆ ಏನ್ ಮೇಡಂ?"

"ಹಳೇ ದೇವಸ್ಥಾನ, ಶಿಲ್ಪ, ಚಿತ್ರ ಇವೆಲ್ಲ ಯಾವ ಕಾಲದ್ದು, ಯಾರು ಮಾಡಿಸಿದ್ರು, ಯಾಕೆ ಹಂಗೇ ಮಾಡಿದ್ರು ಅಂತ ಓದೋದು ಸಾರ್."

"ಸರಿಹೋಯ್ತು ಬಿಡಿ. ನಮ್ಮ ಹತ್ರ ಬರೋರೆಲ್ಲ ಹೊಯ್ಸಳನೇ ಕೇಳೋದು. ನಾಳೆಯಿಂದ ಬಂದ್ಬಿಡಿ."

ಮಾರನೆಯ ದಿನ ಮಾದರಿಗಳ ಗೋಡೆಯ ಮುಂದೆ ನಿಂತಾಗ ನನಗೆ ನಗು ತಡೆಯಲಾಗಲಿಲ್ಲ. ಗೋಡೆಯ ತುಂಬ ಚೌಕ ಹಲಗೆಗಳು, ಒಂದೊಂದರಲ್ಲಿ ಒಂದೊಂದು ಜಾಲಿ, ಎಲ್ಲದರ ಕೆಳಗೂ ಹೊಯ್ಸಳ ಎಂಬ ಚೀಟಿ. ಆರು ಮೂಲೆಯ ನಕ್ಷತ್ರಗಳು ಒಂದಕ್ಕೊಂದು ಹೆಣೆದುಕೊಂಡ ಮೊಘಲರ ಕಾಲದ ಜಾಲಿಯೂ ಹೊಯ್ಸಳ. ಮೊರಾಕೋದ ಹೆಂಚಿನ ವಿನ್ಯಾಸವೂ ಹೊಯ್ಸಳ. ಯಾರೋ ಗಿರಾಕಿ ತಮ್ಮ ಮನೆಯ ಮಂಚದ ಹಾಸಿಗೆಯ ಫೋಟೋ ತಂದು ಮಾಡಿಸಿಕೊಂಡಿದ್ದ ಹೂವು ಕೂಡ ಹೊಯ್ಸಳವೇ. ನಿಜಕ್ಕೂ ಹೊಯ್ಸಳರ ಹತ್ತಿರಕ್ಕೆ ಬರುವಂಥದ್ದು ಆ ಗೋಡೆಯಲ್ಲಿ ಒಂದೂ ಇರಲಿಲ್ಲ.

"ಸಾರ್, ಇದು ಆಗ್ರಾ ಕಡೆಯದು," ಎಂದೆ.

"ಇರಬಹುದು ಮೇಡಂ. ಆದ್ರೆ ಮೊಘಲ್ ಅಂದ್ರೆ ಅವ್ರು ಬಿರಿಯಾನಿ ನೆನೆಸ್ಕೊಳ್ತಾರೆ. ಹೊಯ್ಸಳ ಅಂದ್ರೆ ಕೈ ಮುಗೀತಾರೆ. ದೇವರ ಮನೆ ಬಾಗಿಲು ನೋಡಿ."

ಒಂದು ವಾರ ಸುಮ್ಮನಿದ್ದೆ. ಆಮೇಲೆ ತಡೆಯಲಾರದೆ ಎಲ್ಲ ಚೀಟಿಗಳನ್ನೂ ಕಿತ್ತು, ಒಂದೊಂದಕ್ಕೂ ಅದರದರ ಊರು, ಕಾಲ ಬರೆದು ಅಂಟಿಸಿದೆ. ಮಾಲೀಕರು ಬೈಯಲಿಲ್ಲ. ಕೆಲವು ದಿನ ಬಿಟ್ಟು ನನ್ನ ಮೇಜಿನ ಹತ್ತಿರ ಬಂದು ತಲೆ ಕೆರೆದುಕೊಂಡರು.

"ಮೇಡಂ, ನೀವು ಚೀಟಿ ಹಾಕಿದ್ಮೇಲೆ ಬಂದೋರು ಆರ್ಡರ್ ಕೊಡೋ ಬದ್ಲು ಪ್ರಶ್ನೆ ಕೇಳ್ತಾರೆ."

"ಒಳ್ಳೇದಲ್ವಾ ಸಾರ್."

"ಒಳ್ಳೇದೇ. ಆದ್ರೆ ನೀವು ಊಟಕ್ಕೆ ಹೋದಾಗ ನಾನೊಬ್ನೇ ಸಿಕ್ಕಾಕೊಳ್ತೀನಿ. ನಂಗೂ ಎರಡೆರಡು ಮಾತು ಹೇಳ್ಕೊಡಿ."

ಹೇಳಿಕೊಟ್ಟೆ. ಅವರು ಶ್ರದ್ಧೆಯಿಂದಲೇ ಕಲಿತರು, ಆದರೆ ಗಿರಾಕಿಗಳ ಮುಂದೆ ಎಲ್ಲವೂ ಕಲಸಿಹೋಗುತ್ತಿತ್ತು. ಒಮ್ಮೆ ನಾನು ಊಟ ಮುಗಿಸಿ ಬರುವಾಗ, ವೈಟ್‌ಫೀಲ್ಡಿನಿಂದ ಬಂದಿದ್ದ ದಂಪತಿಗಳಿಗೆ ಅವರು ಮೊಘಲರು ಬೇಲೂರಿನಲ್ಲಿ ಎಷ್ಟು ಚೆನ್ನಾಗಿ ರಾಜ್ಯವಾಳಿದರು ಎಂದು ವಿವರಿಸುತ್ತಿದ್ದರು. ಆ ದಂಪತಿಗಳು ತಲೆಯಾಡಿಸುತ್ತ ಕೇಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಎಲ್ಲಿಂದ ಸರಿ ಮಾಡುವುದೆಂದು ತಿಳಿಯದೆ, ಮತ್ತೆ ಕೈ ತೊಳೆಯಲು ಹೋದೆ.

ಹೀಗೆ ನಗುನಗುತ್ತಲೇ ನನಗೊಂದು ಕುತೂಹಲ ಹುಟ್ಟಿತ್ತು. ಓದುವಾಗ ದೇವಸ್ಥಾನಗಳೆಂದರೆ ನಮಗೆ ಕತ್ತಲೆ ಕೋಣೆಯ ಪರದೆಯ ಮೇಲೆ ಬಂದುಹೋಗುವ ಚಿತ್ರಗಳಾಗಿದ್ದವು. ಕಾಲ, ಅರಸು, ಕಲ್ಲಿನ ಜಾತಿ ಬರೆದುಕೊಂಡು ಪರೀಕ್ಷೆಗೆ ಒಪ್ಪಿಸಿದರೆ ಮುಗಿಯಿತು. ಇಲ್ಲಿ ನೋಡಿದರೆ, ಹದಿನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಗಾಜು, ಟೈಲ್ಸುಗಳ ನಡುವೆ ಇರುವ ಜನ, ಮನೆಯಲ್ಲಿ ಒಂದಾದರೂ ಹಳೆಯ ಕಾಲದ ಹಾಗೆ ಕಾಣುವ ವಸ್ತು ಇರಲಿ ಎಂದು ಊರೆಲ್ಲ ದಾಟಿ ಪೀಣ್ಯಕ್ಕೆ ಬರುತ್ತಿದ್ದರು. ಏನು ಬೇಕೆಂದು ಹೇಳಲು ಅವರಿಗೆ ಪದ ಸಿಗುತ್ತಿರಲಿಲ್ಲ. ಅದಕ್ಕೇ ಹೊಯ್ಸಳ ಎನ್ನುತ್ತಿದ್ದರು.

ಪದ ಸಿಕ್ಕ ಒಬ್ಬರು ಬಂದದ್ದು ಒಂದು ಶನಿವಾರ. ವರ್ತೂರಿನ ಹತ್ತಿರದ ಅಪಾರ್ಟ್‌ಮೆಂಟಿನಿಂದ ಅತ್ತೆ ಸೊಸೆ ಇಬ್ಬರೂ ಕಾರಿನಲ್ಲಿ ಬಂದಿಳಿದರು. ಸೊಸೆ ದಾವಣಗೆರೆಯವರು, ವರ್ತೂರಿನ ಕಡೆಯೇ ಯಾವುದೋ ಕಂಪನಿಯಲ್ಲಿ ಮ್ಯಾನೇಜರು. ಅತ್ತೆಗೆ ಎಪ್ಪತ್ತರ ಮೇಲಾಗಿರಬೇಕು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಹಲಗೆಯ ಮುಂದೂ ನಿಂತು ನೋಡಿದರು. ಮಾಲೀಕರು ಪಕ್ಕದಲ್ಲೇ ನಡೆಯುತ್ತಿದ್ದರು, ಆದರೆ ಆ ಮುಖ ನೋಡಿ ಅವರಿಗೆ ಇತಿಹಾಸ ಹೇಳುವ ಧೈರ್ಯ ಬರಲಿಲ್ಲ.

"ಎಲ್ಲಾ ಛಲೋ ಅದಾವ," ಎಂದರು ಅಜ್ಜಿ ಕೊನೆಗೆ. "ಆದ್ರ ನಮ್ಮ ಗುಡಿ ಕಿಡಕಿ ಇದರಾಗ ಇಲ್ಲ."

"ಯಾವ ಗುಡಿ ಅಜ್ಜಿ?" ಎಂದೆ.

"ನನ್ನ ತೌರಮನಿ ಊರಾಗ ಈಶ್ವರನ ಗುಡಿ ಐತಿ. ಒಳಗ ಬಾಗಲದ ಆ ಕಡಿ ಈ ಕಡಿ ಕಲ್ಲಿನ ಕಿಡಕಿ. ಬಳ್ಳಿ ಹಿಂಗ ಸುತಗೋಂತ ಮ್ಯಾಲ ಹೊಕ್ಕೈತಿ." ಬೆನ್ನ ಹಿಂದಿನ ಕೈ ಈಚೆ ಬಂದು ಗಾಳಿಯಲ್ಲಿ ಸುತ್ತತೊಡಗಿತು. "ಒಂದು ಸುತ್ತಿನ್ಯಾಗ ಒಬ್ಬಾಕಿ ಕುಣ್ಯಾಕತ್ತಾಳ. ಅದರ ಮ್ಯಾಲಿನ ಸುತ್ತಿನ್ಯಾಗ ಒಬ್ಬಾಂವ ಮದ್ದಳಿ ಬಾರಸಾಕತ್ತಾನ. ಎಲ್ಲಾದರ ಮ್ಯಾಲ ಒಂದು ನವಿಲ."

ನನ್ನ ಕೈಯಲ್ಲಿದ್ದ ಪೆನ್ಸಿಲ್ ಹಾಗೇ ನಿಂತಿತು. "ಗದಗಿನ ಕಡೆಯವರಾ ಅಜ್ಜಿ ನೀವು?"

"ಹೌದ ನೋಡವಾ. ನಿನಗ ಹ್ಯಾಂಗ ಗೊತ್ತಾತು?"

"ಅದು ಕಲ್ಯಾಣದ ಚಾಲುಕ್ಯರ ಕಾಲದ್ದು. ಆ ಕಿಟಕಿಗೆ ಜಾಲಂಧ್ರ ಅಂತಾರೆ. ನೀವು ಹೇಳಿದ ಹಂಗೆ ಬಳ್ಳಿಯೊಳಗೆ ಕುಣಿಯೋರು, ಬಾರಿಸೋರು ಇರೋದು ಆ ಸೀಮೆಯ ಗುಡಿಗಳಲ್ಲೇ ಹೆಚ್ಚು."

ಅಜ್ಜಿ ಸೊಸೆಯ ಕಡೆ ತಿರುಗಿದರು. "ಕೇಳಿದೇನ? ಹೆಸರೂ ಐತಂತ ಅದಕ್ಕ."

ಸೊಸೆ ನಗುತ್ತ ನನಗೆ ಹೇಳಿದರು, "ಮನೆ ತಗೊಂಡಾಗಿಂದ ನಮ್ಮತ್ತೆ ದೇವರ ಮನೆ ಬಾಗಿಲಿಗೆ ಇದೊಂದೇ ಕೇಳ್ತಿದಾರೆ. ನನ್ನ ಹತ್ರ ಫೋಟೋ ಇಲ್ಲ, ಆ ಊರಲ್ಲಿ ಈಗ ನಮ್ಮೋರೂ ಯಾರೂ ಇಲ್ಲ. ಇವರು ಹೇಳಿದ್ದನ್ನ ಕೇಳಿ ನೀವು ಬರೀಬಲ್ಲಿರಾ?"

ಬರೆಯಬಲ್ಲೆ ಎಂದೆ. ಆ ಹೊತ್ತಿಗೆ ನನಗಿದ್ದ ಹುಮ್ಮಸ್ಸಿನಲ್ಲಿ ಅಜಂತಾ ಬರೆದುಕೊಡಿ ಎಂದರೂ ಒಪ್ಪುತ್ತಿದ್ದೆ. ಮನೆಯ ಅಟ್ಟದಿಂದ ಓದಿದ ಪುಸ್ತಕಗಳನ್ನೆಲ್ಲ ಇಳಿಸಿದೆ. ಆ ಕಾಲದ ಬೇರೆ ಗುಡಿಗಳ ಜಾಲಂಧ್ರಗಳನ್ನು ನೋಡಿ ನೋಡಿ, ಅಜ್ಜಿ ಹೇಳಿದ ಕುಣಿಯುವವಳು, ಮದ್ದಳೆಯವನು, ನವಿಲು ಎಲ್ಲವನ್ನೂ ಬಳ್ಳಿಯೊಳಗೆ ಕೂರಿಸಿದೆ. ನಮ್ಮ ಮಷಿನ್ ಆಪರೇಟರ್ ಅದನ್ನು ತೆಳು ಹಲಗೆಯ ಮೇಲೆ ಮಾದರಿಗಾಗಿ ಕತ್ತರಿಸಿದ. ಅವನು ಬಾಗಲಕೋಟೆಯ ಕಡೆಯವನು, ದಾಸರಹಳ್ಳಿಯಲ್ಲಿ ಊರಿನ ಗೆಳೆಯರ ಜೊತೆ ಬಾಡಿಗೆ ರೂಮಿನಲ್ಲಿ ಇದ್ದ. ಯಂತ್ರ ಓಡುವಾಗ ಅದರ ಜೊತೆಗೇ ಏನಾದರೊಂದು ಗುನುಗುತ್ತಿದ್ದ, ಯಂತ್ರ ನಿಂತರೆ ಅವನೂ ನಿಲ್ಲಿಸುತ್ತಿದ್ದ.

ಅಜ್ಜಿ ಮತ್ತೆ ಬಂದರು. ಮಾದರಿಯನ್ನು ಬೆಳಕಿಗೆ ಎತ್ತಿ ಹಿಡಿದು ತೋರಿಸಿದೆ. ಅವರು ಹತ್ತಿರ ಹೋದರು, ಹಿಂದೆ ಸರಿದರು, ತಲೆ ಓರೆ ಮಾಡಿದರು.

"ತಪ್ಪ ತಿಳಕೋಬ್ಯಾಡವಾ ತಂಗಿ. ಇದು ರಂಗೋಲಿ ಅಚ್ಚಿನಂಗ ಆಗೇತಿ. ಮ್ಯಾಲ ಪುಡಿ ಹಾಕಿ ಎಳದ್ರ ಅಂಗಳದಾಗ ಮೂಡ್ತೈತಿ ನೋಡು."

ಯಂತ್ರದ ಹಿಂದಿನಿಂದ ಆಪರೇಟರ್ ಗೊಳ್ಳೆಂದು ನಕ್ಕ. ಅಜ್ಜಿ ಆ ಕಡೆ ನೋಡಿದರು.

"ಯಾ ಊರ ತಮ್ಮಾ ನಿಂದು?"

"ಬಾಗಲಕ್ವಾಟಿ ಕಡೇದು ಯಮ್ಮಾ."

"ನಗಾಕ ಏನಾತು? ಖರೇನ ಹೇಳು, ರಂಗೋಲಿ ಅಚ್ಚು ಹೌದೋ ಅಲ್ಲೋ?"

"ಹೌದ್ರಿ ಯಮ್ಮಾ. ನನಗೂ ಹಂಗ ಅನಸಿತ್ತು. ಅಕ್ಕಾರ ಮಾರಿ ನೋಡಿ ಹೇಳಲಿಲ್ಲ."

ಆಮೇಲೆ ಅವರಿಬ್ಬರೂ ಜೋಳದ ರೊಟ್ಟಿಗೆ ದಾಸರಹಳ್ಳಿಯಲ್ಲಿ ಒಳ್ಳೆಯ ಹಿಟ್ಟು ಸಿಗುತ್ತದೋ ಇಲ್ಲವೋ ಎಂದು ಮಾತಿಗೆ ಕೂತರು. ನಾನು ಮಾದರಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಅಜ್ಜಿಯ ಮಾತು ನೂರಕ್ಕೆ ನೂರು ಸರಿ. ಎಲ್ಲಿ ಕೆಟ್ಟಿದೆ ಎಂದು ಮಾತ್ರ ನನಗೆ ತಿಳಿಯಲಿಲ್ಲ. ಬಳ್ಳಿ ಸರಿ ಇತ್ತು, ಸುತ್ತು ಸರಿ ಇತ್ತು, ಪುಸ್ತಕದ ಪ್ರಕಾರ ಎಲ್ಲವೂ ಸರಿ ಇತ್ತು.

ಮಾತು ಮುಗಿಸಿ ಎದ್ದ ಅಜ್ಜಿ, ಅಂಗಡಿಗೆ ಹೋಗಿ ಬರೋಣ ಎನ್ನುವಷ್ಟು ಸಲೀಸಾಗಿ, "ಹೋಗಿ ನೋಡ್ಕೊಂಡ ಬರೂಣ ತಗೋ," ಎಂದರು.

ಸೊಸೆಗೆ ಮುಂದಿನ ವಾರ ಮೂರು ದಿನ ಒಟ್ಟಿಗೆ ರಜೆ ಇತ್ತು. ಕಾರು ತಾವೇ ಓಡಿಸುವುದಾಗಿ ಹೇಳಿದರು. ನಾನು ರಜೆ ಕೇಳಲು ಮಾಲೀಕರ ಬಳಿ ಹೋದರೆ, ಅವರು ಆಗಲೇ ಟೇಪನ್ನೂ, ದಪ್ಪ, ಟೊಳ್ಳುಗಳ ಅಳತೆ ತೆಗೆಯುವ ಕ್ಯಾಲಿಪರನ್ನೂ ಒಂದು ಚೀಲಕ್ಕೆ ಹಾಕುತ್ತಿದ್ದರು. "ಅಳತೆ ತಗೊಳ್ಳೋಕೆ ಒಬ್ರು ಬೇಕಲ್ಲ ಮೇಡಂ. ನೀವು ಅಂದಾಜಲ್ಲಿ ಬರ್ಕೊಂಡು ಬರ್ತೀರ."

ತುಮಕೂರು ರಸ್ತೆ ಹಿಡಿದು ಹೊರಟೆವು. ಮಾಲೀಕರು ಮುಂದಿನ ಸೀಟಿನಲ್ಲಿ, ಅಜ್ಜಿ ನಾನು ಹಿಂದೆ. ನಮ್ಮಿಬ್ಬರ ನಡುವೆ ಒಂದು ಸ್ಟೀಲ್ ಡಬ್ಬಿಯ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಚಿತ್ರದುರ್ಗ ದಾಟುವಷ್ಟರಲ್ಲಿ ಮಾಲೀಕರು ಅರ್ಧ ಡಬ್ಬಿ ಖಾಲಿ ಮಾಡಿದ್ದರು. ಅಜ್ಜಿ ತಮ್ಮ ಊರಿನ ಒಂದೊಂದು ಮನೆಯವರ ಕಥೆ ಹೇಳುತ್ತಿದ್ದರು, ಸೊಸೆ ಸ್ಟೇರಿಂಗ್ ಹಿಡಿದುಕೊಂಡೇ, "ಇದನ್ನ ನನಗೆ ಹೇಳೇ ಇರಲಿಲ್ಲವಲ್ಲ ಅತ್ತೆ," ಎನ್ನುತ್ತಿದ್ದರು. "ನೀ ಕೇಳಿದ್ಯಾ?" ಎಂದು ಅಜ್ಜಿ.

ಗದಗಿನಲ್ಲಿ ಉಳಿದು ಮಾರನೆಯ ಬೆಳಗ್ಗೆ ಆ ಊರು ಸೇರಿದೆವು. ಗುಡಿ ಚಿಕ್ಕದು. ಕಪ್ಪುಹಸಿರು ಬಣ್ಣದ ಕಲ್ಲು, ಮೂರು ಕಡೆ ಮನೆಗಳು ಒತ್ತಿಕೊಂಡಿದ್ದವು. ಎದುರಿನ ಕಟ್ಟೆಯ ಮೇಲೆ ಯಾರೋ ಹಪ್ಪಳ ಒಣಗಿಸಿದ್ದರು. ಒಳಗೆ ಕಾಲಿಟ್ಟ ತಕ್ಷಣ ತಂಪು.

ನಾನು ನೇರವಾಗಿ ಕಿಟಕಿಯ ಕಡೆ ಹೊರಟಿದ್ದೆ. ಹಿಂದಿನಿಂದ ಮಾಲೀಕರ ದನಿ ಕೇಳಿತು.

"ಮೇಡಂ, ಒಂದ್ನಿಮಿಷ. ಇದು ಟರ್ನಿಂಗ್ ಜಾಬ್, ಲೇತ್ ಕೆಲಸ."

ತಿರುಗಿ ನೋಡಿದರೆ ಅವರು ಮಂಟಪದ ನಡುವಿನ ಕಂಬದ ಮುಂದೆ ನಿಂತಿದ್ದಾರೆ. ಆ ಕಾಲದ ಗುಡಿಗಳಲ್ಲಿ ಕಾಣುವ ಕಡೆದ ಕಂಬ. ಗಂಟೆಯ ಹಾಗೆ ಉಬ್ಬಿ, ಸೊಂಟದಲ್ಲಿ ಸಣ್ಣಗಾಗಿ, ಮತ್ತೆ ಚಕ್ರದಂತೆ ಅಗಲವಾಗುವ ಕಲ್ಲು. ಕತ್ತಲಲ್ಲೂ ಹೊಳೆಯುತ್ತಿತ್ತು. ಅವರು ಉಗುರಿನ ತುದಿಯನ್ನು ಅದರ ಗೆರೆಗಳ ಮೇಲೆ ನಿಧಾನವಾಗಿ ಎಳೆಯುತ್ತಿದ್ದರು.

"ಹೌದು ಸಾರ್. ಕಲ್ಲನ್ನ ತಿರುಗಿಸಿಯೇ ಮಾಡಿರೋದು ಅಂತಾರೆ."

"ಇಷ್ಟು ತೂಕದ ಜಾಬ್ ಹೆಂಗೆ ಹಿಡಿದ್ರು? ಮಲಗಿಸಿ ತಿರುಗಿಸಿದ್ರಾ, ನಿಲ್ಲಿಸಿ ತಿರುಗಿಸಿದ್ರಾ?"

"ನಿಲ್ಲಿಸಿ ತಿರುಗಿಸಿರಬೇಕು ಅಂತ ಬಹಳ ಜನ ಬರೆದಿದಾರೆ. ನೋಡಿದೋರು ಯಾರೂ ಇಲ್ಲವಲ್ಲ."

"ನಿಲ್ಲಿಸೇ ಇರ್ಬೇಕು. ಮಲಗಿಸಿದ್ರೆ ಮಧ್ಯದಲ್ಲಿ ಮುರಿಯುತ್ತೆ." ತಲೆ ಎತ್ತಿ ಕಂಬದ ತುದಿ ನೋಡಿದರು. "ಮೇಲೆ ತಿರುಗಿಸೋಕೆ ಸೆಂಟರ್ ಹೊಡೆದ ಗುರುತು ಇದ್ರೆ ಗೊತ್ತಾಗ್ತಿತ್ತು. ಈಗ ಚಾವಣಿ ಎತ್ತೋಕಾಗಲ್ಲ." ಅದನ್ನು ಅವರು ನಿಜವಾದ ಬೇಸರದಿಂದ ಹೇಳಿದರು.

ಆಮೇಲೆ ಅವರನ್ನು ಕಿಟಕಿಯ ಕಡೆ ಕರೆಯುವುದೇ ಕಷ್ಟವಾಯಿತು. ಚೀಲದಿಂದ ಕ್ಯಾಲಿಪರ್ ಬಂತು. ನಾಲ್ಕು ಕಂಬಗಳನ್ನೂ ಸುತ್ತಿ ಸುತ್ತಿ ಅಳೆದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದು, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು.

"ನಾಲ್ಕೂ ಒಂದೇ ಅಲ್ಲ ಮೇಡಂ. ದೂರದಿಂದ ಒಂದೇ ಅನ್ಸುತ್ತೆ. ಈ ಮೂರು ಒಬ್ಬನ ಕೈ. ಆ ಮೂಲೇದು ಬೇರೆಯವನದು, ಅವನು ಸ್ವಲ್ಪ ಅವಸರದ ಮನುಷ್ಯ."

ಅವರು ಹೇಳಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಶಿಲ್ಪಿಗಳ ಹೆಸರಿಲ್ಲದ ಕಡೆ ಕೆಲಸದ ರೀತಿ ನೋಡಿ ಒಬ್ಬೊಬ್ಬರ ಕೈ ಬೇರೆ ಮಾಡುವುದು ನಮ್ಮ ವಿದ್ಯೆಯ ದೊಡ್ಡ ಅಧ್ಯಾಯ. ಅದನ್ನು ನಾನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದಿದ್ದೆ. ಯಾರೋ ನನ್ನ ಕಣ್ಣ ಮುಂದೆ ಅದನ್ನು ಮಾಡಿದ್ದು ಅದೇ ಮೊದಲು. ಹಾಗೆಂದು ಹೇಳಿದಾಗ ಮಾಲೀಕರಿಗೆ ಬಹಳ ಖುಷಿಯಾಯಿತು. "ಅಂದ್ರೆ ನಾನೂ ಕಲಾ ಇತಿಹಾಸ ಮಾಡ್ದೆ ಅನ್ನಿ."

"ಇಲ್ಲಿ ಬರ್ರಿ ಎಲ್ಲಾರೂ," ಎಂದು ಒಳಗಿನಿಂದ ಅಜ್ಜಿ ಕರೆದರು.

ಗರ್ಭಗುಡಿಯ ಮುಂದಿನ ಬಾಗಿಲಿನ ಎರಡೂ ಪಕ್ಕದಲ್ಲಿ ಜಾಲಂಧ್ರಗಳಿದ್ದವು. ಅಜ್ಜಿ ಬಲಗಡೆಯದರ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದರು. ಕೆಳಗಿನ ತೂತುಗಳ ಅಂಚು ಕೈಯಾಡಿ ಆಡಿ ಬೆಣ್ಣೆಯಂತೆ ನುಣುಪಾಗಿತ್ತು.

"ನಾ ಸಣ್ಣಾಕಿ ಇದ್ದಾಗ ಹಿಂಗ ಕುಂತ ಇದರಾಗ ಕೈ ಹಾಕ್ತಿದ್ದೆ. ಆಚಿ ಕಡಿ ನನ್ನ ಗೆಳತಿ ಕುಂತಿರಾಕಿ. ಯಾರ ಕೈ ಅಂತ ಮುಟ್ಟಿ ಹೇಳೂ ಆಟ. ನಾವು ಇಬ್ಬರ ಇರ್ತಿದ್ವಿ, ಆದ್ರೂ ದಿನಾ ಆಡ್ತಿದ್ವಿ."

ನಾನು ಮೊಬೈಲಿನ ಬೆಳಕು ಹಾಕಿ ನೋಡಿದೆ. ನನ್ನ ಮಾದರಿ ಯಾಕೆ ರಂಗೋಲಿ ಅಚ್ಚಾಯಿತು ಎಂದು ಒಂದೇ ನೋಟಕ್ಕೆ ತಿಳಿಯಿತು. ಕಲ್ಲು ಒಂದು ಗೇಣಿನಷ್ಟು ದಪ್ಪವಿತ್ತು. ಬಳ್ಳಿ ಒಂದು ಕಡೆ ಮೇಲೆ ಬಂದು, ಇನ್ನೊಂದರ ಅಡಿಗೆ ನುಸುಳಿ, ಮತ್ತೆ ಈಚೆ ತಲೆ ಎತ್ತುತ್ತಿತ್ತು. ತೂತುಗಳ ಒಳಗೋಡೆಗಳು ನೇರವಾಗಿರದೆ ಓರೆಯಾಗಿದ್ದವು. ಹಾಗಾಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಕುಣಿಯುವವಳ ತೋಳು ಬೆಳಕಿಗೆ ಬರುತ್ತಿತ್ತು, ಇನ್ನೊಂದು ಹೆಜ್ಜೆಗೆ ಮದ್ದಳೆಯವನ ಮುಖ. ಪುಸ್ತಕದ ಫೋಟೋಗಳೆಲ್ಲ ಎದುರಿಗೆ ನಿಂತು ತೆಗೆದವು. ಅವುಗಳಲ್ಲಿ ಈ ದಪ್ಪವೂ ಇರಲಿಲ್ಲ, ಈ ಚಲನೆಯೂ ಇರಲಿಲ್ಲ.

ಬೆಳಕನ್ನು ಮೇಲಕ್ಕೆ ಒಯ್ದೆ. "ಅಜ್ಜಿ, ಮೇಲಿರೋದು ನವಿಲಲ್ಲ. ಹಂಸ."

"ಏ, ನವಿಲ ಅದು."

"ನೋಡಿ, ಕೊಕ್ಕು ಅಗಲವಾಗಿದೆ, ತಲೆ ಮೇಲೆ ತುರಾಯಿ ಇಲ್ಲ. ಆ ಕಾಲದ ಶಿಲ್ಪಿಗಳು ಹಂಸದ ಬಾಲವನ್ನ ಹೀಗೆ ಬಳ್ಳಿ ಹಬ್ಬಿದ ಹಾಗೆ ಹರಡಿಬಿಡ್ತಿದ್ರು. ಕೆಳಗಿನಿಂದ ನೋಡಿದ್ರೆ ನವಿಲಿನ ಗರಿ ಹಂಗೇ ಕಾಣುತ್ತೆ."

ಅಜ್ಜಿ ಎದ್ದು ನಿಂತು ಬಹಳ ಹೊತ್ತು ನೋಡಿದರು. ನಾನು ಹೇಳಬಾರದಿತ್ತೇನೋ ಎಂದು ನನಗೆ ಅಳುಕಾಯಿತು. ಆಮೇಲೆ ಅವರು ನಕ್ಕರು.

"ಹಂಸಾನ ಇರವೊಲ್ದ್ಯಾಕ. ನೀ ಓದಿ ಹಂಸ ಅಂತಿ. ನಾ ಇದರ ಕೆಳಗ ಆಡಿ ನವಿಲ ಅಂತೇನಿ."

ಅಷ್ಟರಲ್ಲಿ ಸೊಸೆ ಎಲ್ಲಿ ಹೋದರೆಂದು ನೋಡಿದರೆ, ಅವರು ಬಾಗಿಲು ದಾಟಿ ಕಿಟಕಿಯ ಆಚೆ ಬದಿಗೆ ಹೋಗಿ ಕೂತಿದ್ದರು. ಜೀನ್ಸ್ ಪ್ಯಾಂಟಿಗೆ ಧೂಳು ಹತ್ತುವುದನ್ನೂ ನೋಡದೆ, ತೂತಿನೊಳಗಿಂದ ಕೈ ಈಚೆ ಚಾಚಿದರು. "ಅತ್ತೆ, ಯಾರ ಕೈ ಹೇಳಿ."

ಅಜ್ಜಿ ಮತ್ತೆ ಕೂತು, ಕಣ್ಣು ಮುಚ್ಚಿ, ಆ ಕೈಯನ್ನು ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದರು. "ಅಡಗಿ ಮಾಡೂ ಕೈ ಅಂತೂ ಅಲ್ಲ," ಎಂದರು. ಆಚೆಯಿಂದ ಸೊಸೆ ನಕ್ಕ ಸದ್ದು ಗುಡಿಯ ತುಂಬ ತುಂಬಿತು.

ವಾಪಸು ಬಂದ ಮೇಲೆ ನನ್ನೊಳಗೇ ಒಂದು ಜಗಳ ಶುರುವಾಯಿತು. ಹಂಸವೋ ನವಿಲೋ? ನಾನು ಓದಿದ್ದೆಲ್ಲ ಹಂಸದ ಪಕ್ಷದಲ್ಲಿತ್ತು. ಗುಡಿಯಲ್ಲಿ ಇಲ್ಲದ್ದನ್ನು ಬರೆದು ಇದು ಚಾಲುಕ್ಯರ ಜಾಲಂಧ್ರ ಎಂದರೆ, ಮಂಚದ ಹಾಸಿಗೆಯ ಹೂವಿಗೆ ಹೊಯ್ಸಳ ಎಂದು ಹೆಸರಿಟ್ಟವರಿಗೂ ನನಗೂ ಏನು ವ್ಯತ್ಯಾಸ? ಆದರೆ ಅದೇ ಸೀಮೆಯ ಗುಡಿಗಳ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತ ಹೋದ ಹಾಗೆ, ಯಾವ ಎರಡು ಜಾಲಂಧ್ರಗಳೂ ಒಂದೇ ತೆರನಾಗಿಲ್ಲ ಎಂದು ಕಂಡಿತು. ಒಂದರಲ್ಲಿ ಹಂಸವಿದ್ದ ಕಡೆ ಇನ್ನೊಂದರಲ್ಲಿ ಸಿಂಹವಿತ್ತು, ಮತ್ತೊಂದರಲ್ಲಿ ಮಂಗ ಕೂತಿತ್ತು. ಪಕ್ಕದೂರಿನ ಕೆಲಸ ನೋಡಿ ಬಂದ ಶಿಲ್ಪಿ ತನಗೆ ತೋಚಿದ್ದನ್ನೋ, ಮಾಡಿಸಿದವರು ಕೇಳಿದ್ದನ್ನೋ ಸೇರಿಸಿಯೇ ಇದ್ದ. ಕೊನೆಗೆ ಅಜ್ಜಿಗೇ ಫೋನು ಮಾಡಿದೆ.

"ಹಂಸ ಹಾಕ್ಲಾ ಅಜ್ಜಿ, ನವಿಲು ಹಾಕ್ಲಾ?"

"ಬಾಗಲಕ್ಕ ಎಷ್ಟು ಕದ?"

"ಎರಡು."

"ಬಲಕ್ಕ ನಿನ್ನ ಹಂಸ, ಎಡಕ್ಕ ನನ್ನ ನವಿಲ. ಇದಕ್ಯಾಕ ಇಷ್ಟು ಚಿಂತಿ?"

ತೇಗದ ದಪ್ಪ ಹಲಗೆ ಬಂತು. ಆಪರೇಟರ್‌ಗೂ ನನಗೂ ಅದು ಹೊಸ ಕೆಲಸ. ಮೇಲಿನಿಂದ ನೇರವಾಗಿ ಕೊರೆದರೆ ಮತ್ತೆ ಅಚ್ಚೇ ಆಗುತ್ತದೆ. ಹಾಗಾಗಿ ಒಂದು ಮುಖದಿಂದ ಅರ್ಧ ಆಳಕ್ಕೆ ಕೊರೆದು, ಹಲಗೆಯನ್ನು ಮಗುಚಿ ಹಾಕಿ, ಇನ್ನೊಂದು ಮುಖದಿಂದ ಬೇರೆ ಚಿತ್ರ ಕೊರೆದು, ನಡುವೆ ಎರಡೂ ಕೂಡುವಂತೆ ಮಾಡಬೇಕಿತ್ತು. ಮೊದಲ ಸಲ ಕೂಡಲಿಲ್ಲ. ಮದ್ದಳೆಯವನ ಕೈ ಮುರಿಯಿತು.

"ಅಕ್ಕಾರ, ಇವನ ಕೈ ಹೋತು. ಹಾಡಾಕ ಹಚ್ಚಿ ಸುಮ್ಮನ ಕುಂಡ್ರಸೂಣೇನು?" ಎಂದ ಆಪರೇಟರ್.

ಇನ್ನೊಂದು ಹಲಗೆ ತರಿಸಿದೆವು. ಈ ಸಲ ಮಾಲೀಕರು ಯಂತ್ರದ ಪಕ್ಕದಿಂದ ಕದಲಲಿಲ್ಲ. ಪುಡಿ ಊದುತ್ತ, ಬಗ್ಗಿ ನೋಡುತ್ತ, "ನಿಧಾನ ಕಣೋ, ನಿಧಾನ," ಎನ್ನುತ್ತ ನಿಂತರು. ಕೂಡಿತು. ಮೂಲೆಗಳ ಒಳಗೆ ಯಂತ್ರದ ಮೊನೆ ಹೋಗದ ಕಡೆ ಅವರೇ ಚಿಕ್ಕ ಉಳಿ, ಉಪ್ಪುಕಾಗದ ಹಿಡಿದು ಕೂತರು. ಲೇತ್ ಬಿಟ್ಟ ಮೇಲೆ ಕೈಯಿಂದ ಒಂದು ಜಾಬ್ ಮುಗಿಸಿದ್ದು ಇದೇ ಮೊದಲು ಎಂದರು. ಎರಡು ದಿನ ಶೆಡ್ಡಿಗೆ ಬಂದ ಗಿರಾಕಿಗಳನ್ನೆಲ್ಲ ನಾನೇ ನೋಡಿಕೊಂಡೆ.

ಬಾಗಿಲು ಕೂರಿಸುವ ದಿನ ನಾವು ಮೂವರೂ ಟೆಂಪೋದಲ್ಲಿ ವರ್ತೂರಿಗೆ ಹೋದೆವು. ಕದಗಳು ಚೌಕಟ್ಟಿಗೆ ಸರಿಯಾಗಿ ಕೂತವು. ಅಜ್ಜಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಒಳಗೆ ದೀಪ ಹಚ್ಚಿ, ಕದ ಎಳೆದುಕೊಂಡು ಹೊರಗೆ ಬಂದರು. ಸೊಸೆ ಹಾಲಿನ ಪರದೆಗಳನ್ನು ಮುಚ್ಚಿ ಲೈಟು ಆರಿಸಿದರು. ಎದುರಿನ ಬಿಳಿ ಗೋಡೆಯ ಮೇಲೆ, ಟೀವಿಯ ಮೇಲೆ, ಸೋಫಾದ ಬೆನ್ನಿನ ಮೇಲೆ ಬಳ್ಳಿ ಹಬ್ಬಿತು. ದೀಪ ಅಲುಗಿದಾಗ ಕುಣಿಯುವವಳೂ ಸ್ವಲ್ಪ ಅಲುಗಿದಳು. ಪಕ್ಕದ ಮನೆಯವರೊಬ್ಬರು ಬಾಗಿಲಲ್ಲಿ ಇಣುಕಿ, ಇದಕ್ಕೆ ಯಾವ ಸಾಫ್ಟ್‌ವೇರ್ ಬಳಸಿದಿರಿ ಎಂದು ಕೇಳಿದರು.

ಅಜ್ಜಿ ಎಡಗಡೆಯ ಕದದ ಹತ್ತಿರ ಹೋಗಿ ನವಿಲನ್ನು ಮುಟ್ಟಿ ನೋಡಿದರು. ಆಮೇಲೆ ಬಲಗಡೆಗೆ ಬಂದು ಹಂಸವನ್ನೂ ಮುಟ್ಟಿದರು. "ಛಂದ ಆಗೇತಿ," ಎಂದಷ್ಟೇ ಹೇಳಿ, ನಮಗೆ ಎಲೆ ಹಾಕಲು ಒಳಗೆ ಹೋದರು. ಎಣ್ಣೆಗಾಯಿ ಪಲ್ಯ, ರೊಟ್ಟಿ, ಹೋಳಿಗೆ. ಆಪರೇಟರ್‌ಗೆ ಬಡಿಸುವಾಗ, ದಾಸರಹಳ್ಳಿಯ ಹಿಟ್ಟಿಗೂ ಇದಕ್ಕೂ ಏನು ಫರಕು ಹೇಳು ಎಂದು ಪರೀಕ್ಷೆ ಬೇರೆ.

ಆ ಬಾಗಿಲು ನೋಡಿದವರು ನೋಡದವರಿಗೆ ಹೇಳಿ, ಈಗ ನಮ್ಮ ಶೆಡ್ಡಿಗೆ ಬರುವವರು ಬೇರೆ ರೀತಿಯಲ್ಲಿ ಮಾತು ಶುರು ಮಾಡುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಿಂದ ಒಬ್ಬರು ತಮ್ಮ ಮುತ್ತಜ್ಜಿಯ ಸೀರೆಯ ಅಂಚನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಒಡಿಶಾದ ಗಂಡಹೆಂಡಿರು ತಮ್ಮೂರಿನ ಗುಡಿಯ ಫೋಟೋ ತೋರಿಸಿ, ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಹೇಳಿಹೋದರು. ನಾನು ಮತ್ತೆ ಪುಸ್ತಕ ಕೊಳ್ಳಲು ಶುರು ಮಾಡಿದ್ದೇನೆ. ಈಗಲೂ ಹೊಯ್ಸಳ ಬೇಕು ಎಂದು ಬರುವವರಿಗೇನೂ ಕಡಿಮೆಯಿಲ್ಲ. ಅವರಿಗಾಗಿ ನಾನೂ ಮಾಲೀಕರೂ ಒಂದು ಭಾನುವಾರ ಹಳೇಬೀಡಿಗೆ ಹೋಗಿ, ನಿಜವಾದ ಹೊಯ್ಸಳ ಒಂದನ್ನು ಬರೆದುಕೊಂಡು ಬಂದೆವು.

ಮಾಲೀಕರು ಈಗ ಎಲ್ಲಿಗೆ ಹೋದರೂ ಕಂಬಗಳ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಕೆಳಗೆ ಒಂದೇ ಪ್ರಶ್ನೆ: ಯಾವ ಕಾಲದ್ದು ಮೇಡಂ? ಗೊತ್ತಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಹುಡುಕಿ ಹೇಳುತ್ತೇನೆ. ಕಳೆದ ತಿಂಗಳು ನೆಲಮಂಗಲದ ಹತ್ತಿರ ಯಾರದೋ ಮದುವೆಗೆ ಹೋಗಿದ್ದವರು, ಮಂಟಪಕ್ಕೆ ನಿಲ್ಲಿಸಿದ್ದ ಕಂಬದ ಫೋಟೋ ಕಳಿಸಿದರು. ಫೈಬರಿನದು, ಮೈತುಂಬ ಚಿನ್ನದ ಬಣ್ಣ. ಕೆಳಗೆ ಕಡೆದ ಕಂಬದ ಗಂಟೆ, ಮೇಲೆ ರೋಮನ್ನರ ಕಂಬಗಳಲ್ಲಿರುವಂಥ ಎಲೆ, ನಡುವೆ ಒಂದು ಗಣಪತಿ.

"ನಮ್ಮ ಕಾಲದ್ದೇ ಸಾರ್," ಎಂದು ಬರೆದೆ.

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಮುಂದೆ ಯಾರಾದ್ರೂ ಇದನ್ನೂ ಓದ್ತಾರಾ?"

"ಓದ್ತಾರೆ ಸಾರ್. ಪರೀಕ್ಷೆಗೂ ಬರುತ್ತೆ."

"ಹಂಗಾದ್ರೆ ಅಳತೆ ತಗೊಂಡಿಟ್ಟಿರ್ತೀನಿ," ಎಂದು ಬರೆದರು. ತಗೊಂಡೂ ಇರಬೇಕು. ಮದುವೆಯ ಮನೆಗೂ ಅವರು ಟೇಪು ಬಿಟ್ಟು ಹೋಗುವುದಿಲ್ಲ.